ಫೋರ್ಡ್ ಎಫ್-100 ಪಿಕಪ್: ಮುಂಭಾಗದ ಸಸ್ಪೆನ್ಷನ್ ಬುಷ್‌ಗಳ ಸವೆತವನ್ನು ಪತ್ತೆ ಹಚ್ಚುವ ಮತ್ತು ಬದಲಿಸುವ ಕ್ರಮ

ಈ ಕೈಪಿಡಿ 1965ರಿಂದ 1979ರವರೆಗೆ ತಯಾರಾದ, ಹಿಂದಿನ ಚಕ್ರಗಳಿಂದ ಮಾತ್ರ ಚಲಿಸುವ ಫೋರ್ಡ್ ಎಫ್-100 ಪಿಕಪ್‌ಗಳಿಗೆ ಸಂಬಂಧಿಸಿದ್ದು. 1965ರಲ್ಲಿ ಫೋರ್ಡ್ ಈ ಗಾಡಿಗಳಿಗೆ ‘ಟ್ವಿನ್ ಐ-ಬೀಮ್’ ಎಂಬ ಮುಂಭಾಗದ ಸಸ್ಪೆನ್ಷನ್ ಅಳವಡಿಸಿತು. ಅದೇ ಕಾಲದ ಷೆವರ್ಲೆ ಸಿ-10 ಪಿಕಪ್‌ನಲ್ಲಿ ಕಂಟ್ರೋಲ್ ಆರ್ಮ್‌ಗಳು (ಚಕ್ರವನ್ನು ಷಾಸಿಗೆ ಸೇರಿಸುವ ಗಿಡ್ಡ ತೋಳುಗಳು) ಇರುವುದರಿಂದ ಅದರ ದುರಸ್ತಿ ಕ್ರಮವನ್ನು ಇಲ್ಲಿಗೆ ತಂದು ಹೊಂದಿಸಲು ಬರುವುದಿಲ್ಲ. ನಾಲ್ಕೂ ಚಕ್ರ ಚಾಲನೆಯ ಎಫ್-100ರ ಮುಂಭಾಗದ ರಚನೆಯೂ ಬೇರೆ.

ಮಾಲೀಕರು ಸಾಮಾನ್ಯವಾಗಿ ಹೇಳುವ ದೂರುಗಳು ಮೂರು ಬಗೆಯವು. ಬ್ರೇಕ್ ಒತ್ತಿದ ಕ್ಷಣದಲ್ಲಿ ಮುಂದುಗಡೆಯಿಂದ ‘ಟಕ್’ ಎಂಬ ಭಾರವಾದ ಸದ್ದು ಬಂದು, ಬ್ರೇಕ್ ಬಿಟ್ಟಾಗ ಅದೇ ಸದ್ದು ಮತ್ತೊಮ್ಮೆ ಕೇಳಿಸುತ್ತದೆ. ಹೈವೇ ವೇಗದಲ್ಲಿ ಗಾಡಿ ನೆಟ್ಟಗೆ ಹೋಗದೆ ಅತ್ತಿತ್ತ ಅಲೆಯುತ್ತದೆ, ಸ್ಟೀರಿಂಗ್ ಚಕ್ರವನ್ನು ಸದಾ ತಿದ್ದುತ್ತಲೇ ಇರಬೇಕಾಗುತ್ತದೆ. ಟೈರುಗಳ ಒಂದು ಅಂಚು ಮಾತ್ರ ಬೇಗ ಸವೆಯುತ್ತದೆ. ಈ ಮೂರಕ್ಕೂ ಬುಷ್ (ಸಸ್ಪೆನ್ಷನ್ನಿನ ಲೋಹದ ಭಾಗಗಳು ಸೇರುವಲ್ಲಿ ಕೂರಿಸುವ ರಬ್ಬರ್ ತುಂಡು) ಕಾರಣವಾಗಿರಬಹುದು, ಆಗಿಲ್ಲದೆಯೂ ಇರಬಹುದು. ಬುಷ್ ಸೆಟ್ಟಿನ ಬೆಲೆ ಕಡಿಮೆಯೆಂದು ಮೊದಲು ಅದನ್ನೇ ಬದಲಿಸಿ ನೋಡುವ ರೂಢಿಯೊಂದಿದೆ. ಆದರೆ ಇಲ್ಲಿ ಖರ್ಚಾಗುವುದು ಬುಷ್ಷಿಗಿಂತ ದುಡಿಮೆ. ಆದ್ದರಿಂದ ಯಾವ ಬುಷ್ ಹೋಗಿದೆ ಎಂಬುದನ್ನು ಕಣ್ಣಾರೆ ಕಂಡ ಮೇಲೆಯೇ ಸ್ಪ್ಯಾನರ್ ಹಿಡಿಯುವುದು ಸರಿ.

ರಚನೆ

ಮುಂದಿನ ಎರಡು ಚಕ್ರಗಳಿಗೂ ಒಂದೊಂದು ಪ್ರತ್ಯೇಕ ಉಕ್ಕಿನ ಬೀಮ್ ಇದೆ. ಪ್ರತಿ ಬೀಮ್ ತನ್ನ ಚಕ್ರದಿಂದ ಹೊರಟು, ಎಂಜಿನ್ನಿನ ಕೆಳಗೆ ಗಾಡಿಯ ಅಗಲಕ್ಕೂ ಹಾದು, ಎದುರು ಬದಿಯಲ್ಲಿ ಷಾಸಿಗೆ ಸೇರುತ್ತದೆ. ಸೇರುವ ಜಾಗದಲ್ಲಿ ಬೀಮಿನ ಕಣ್ಣಿನೊಳಗೆ ಒಂದು ರಬ್ಬರ್ ಬುಷ್ ಕೂತಿರುತ್ತದೆ. ಅದರ ಹೊರಗೊಂದು ಒಳಗೊಂದು ಉಕ್ಕಿನ ಕೊಳವೆ, ನಡುವೆ ರಬ್ಬರ್. ಇದನ್ನು ಪಿವಟ್ ಬುಷ್ ಎನ್ನುತ್ತಾರೆ. ಬೀಮ್ ಹಿಂದೆ ಮುಂದೆ ಸರಿಯದಂತೆ ತಡೆಯಲು ಚಕ್ರದ ಸಮೀಪ ಅದಕ್ಕೆ ರೇಡಿಯಸ್ ಆರ್ಮ್ ಎಂಬ ಉದ್ದನೆಯ ತೋಳನ್ನು ಬಿಗಿಯಲಾಗಿದೆ. ಆ ತೋಳು ಹಿಂದಕ್ಕೆ ಚಾಚಿ, ಕೊನೆಯಲ್ಲಿ ಸಣ್ಣಗಾಗಿ, ಷಾಸಿಯ ಬ್ರಾಕೆಟ್ಟಿನ ತೂತಿನಿಂದ ಹೊರಬರುತ್ತದೆ. ಬ್ರಾಕೆಟ್ಟಿನ ಮುಂದೊಂದು ಹಿಂದೊಂದು ದಪ್ಪ ರಬ್ಬರ್ ಬುಷ್, ಅವುಗಳಿಗೆ ವಾಷರ್‌ಗಳು, ಕೊನೆಯಲ್ಲಿ ದೊಡ್ಡ ನಟ್ ಇರುತ್ತವೆ. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಎಡಬಲಕ್ಕೆ ಹೊರಳುವುದು ಬೀಮಿನ ತುದಿಯಲ್ಲಿರುವ ಕಿಂಗ್ ಪಿನ್ ಎಂಬ ಉಕ್ಕಿನ ಗೂಟದ ಮೇಲೆ. ಈ ಸಾಲಿನ ಗಾಡಿಗಳಿಗೆ ಬಾಲ್ ಜಾಯಿಂಟ್ (ಗುಂಡು ಕೀಲು) ಬಂದದ್ದು ನಂತರದ ಮಾದರಿಗಳಲ್ಲಿ.

ಇಲ್ಲಿಯೇ ಬಹಳಷ್ಟು ಜನ ಎಡವುತ್ತಾರೆ. ಎಡ ಚಕ್ರದ ಪಿವಟ್ ಬುಷ್ ಇರುವುದು ಗಾಡಿಯ ಬಲಬದಿಯಲ್ಲಿ. ಬಲ ಚಕ್ರದ್ದು ಎಡಬದಿಯಲ್ಲಿ. ನಮ್ಮೂರಿನ ಮಹೀಂದ್ರ ಜೀಪುಗಳ ಲೀಫ್ ಸ್ಪ್ರಿಂಗ್ ನೋಡಿ ಕೆಲಸ ಕಲಿತವರು ತೊಂದರೆ ಕೊಡುತ್ತಿರುವ ಚಕ್ರದ ಪಕ್ಕದಲ್ಲಿಯೇ ಸ್ಪ್ರಿಂಗಿನ ತುದಿಯ ಷಕಲ್ ಬುಷ್ ಹುಡುಕುವ ಅಭ್ಯಾಸದವರು. ಅದೇ ಅಭ್ಯಾಸದಿಂದ ಇಲ್ಲಿ ಎಡಗಡೆಯ ಪಿವಟ್ ಪರೀಕ್ಷಿಸಿ, ಅದು ಗಟ್ಟಿಯಾಗಿದೆ ಎಂದು ಸಮಾಧಾನಪಟ್ಟರೆ ಪರೀಕ್ಷಿಸಿದ್ದು ಬಲ ಚಕ್ರದ ಬುಷ್ಷನ್ನು ಎಂದಾಗುತ್ತದೆ. ರೇಡಿಯಸ್ ಆರ್ಮಿನ ಬುಷ್ ಮಾತ್ರ ಆಯಾ ಚಕ್ರದ ಬದಿಯಲ್ಲಿಯೇ ಇರುತ್ತದೆ.

ಬುಷ್ ಅಲ್ಲದ ಕಾರಣಗಳನ್ನು ಮೊದಲು ಹೊರಗಿಡುವುದು

ಟೈರಿನ ಗಾಳಿ ನೋಡಿ, ಮುಂದಿನ ಎರಡು ಟೈರುಗಳನ್ನು ಪರಸ್ಪರ ಅದಲು ಬದಲು ಮಾಡಿ ಓಡಿಸಿ. ಎಳೆತವೂ ಬದಿ ಬದಲಿಸಿದರೆ ದೋಷ ಟೈರಿನದು. ಅಮೆರಿಕದಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ. ನೀರು ಹರಿದುಹೋಗಲು ರಸ್ತೆಯನ್ನೂ ಆ ಬದಿಗೆ ತುಸು ಇಳಿಜಾರಾಗಿ ಕಟ್ಟಿರುತ್ತಾರೆ. ಬಲಕ್ಕೆ ನಿಧಾನವಾಗಿ ಸರಿಯುವುದಷ್ಟನ್ನೇ ದೋಷವೆಂದು ಎಣಿಸಬೇಕಾಗಿಲ್ಲ.

ನಂತರ ಬೀಮಿನ ಕೆಳಗೆ ಜಾಕ್ ಕೊಟ್ಟು ಚಕ್ರವನ್ನು ನೆಲದಿಂದ ಎತ್ತಿ, ಟೈರಿನ ಮೇಲ್ತುದಿಯನ್ನೂ ಕೆಳತುದಿಯನ್ನೂ ಹಿಡಿದು ಅಲುಗಿಸಬೇಕು. ಆಟ (ಸಡಿಲವಾದ ಅಲುಗಾಟ) ಕಂಡರೆ, ಇನ್ನೊಬ್ಬರಿಗೆ ಬ್ರೇಕ್ ಪೆಡಲ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಬೇಕು. ಬ್ರೇಕ್ ಹಿಡಿದಾಗ ಆಟ ಮಾಯವಾದರೆ ಅದು ವೀಲ್ ಬೇರಿಂಗಿನದು. ಹಾಗೆಯೇ ಉಳಿದರೆ ಕಿಂಗ್ ಪಿನ್ನಿನದು. ಟೈರಿನ ಎಡ ಬಲ ಪಕ್ಕಗಳನ್ನು ಹಿಡಿದು ಅಲುಗಿಸಿದಾಗ ಸಿಗುವ ಆಟ ಹೆಚ್ಚಾಗಿ ಸ್ಟೀರಿಂಗಿನ ಚಲನೆಯನ್ನು ಚಕ್ರಗಳಿಗೆ ತಲುಪಿಸುವ ಸರಳುಗಳಿಂದ, ಅಂದರೆ ಟೈ ರಾಡ್ ತುದಿಗಳಿಂದ ಇಲ್ಲವೆ ಡ್ರ್ಯಾಗ್ ಲಿಂಕಿನಿಂದ ಬರುತ್ತದೆ. ಕಿಂಗ್ ಪಿನ್ ಸವೆದ ಗಾಡಿಗೆ ಹೊಸ ಬುಷ್ ಹಾಕಿದರೆ ಅಲೆದಾಟ ಕಡಿಮೆಯಾದಂತೆ ಕಂಡರೂ ಹೋಗುವುದಿಲ್ಲ. ಆಗ ಕೆಲವರು ಸ್ಟೀರಿಂಗ್ ಬಾಕ್ಸಿನ ಹೊಂದಿಕೆ ಸ್ಕ್ರೂವನ್ನು ಬಿಗಿಮಾಡಿ ಆಟ ಮುಚ್ಚಿಹಾಕಲು ನೋಡುತ್ತಾರೆ. ಅದರಿಂದ ನೆಟ್ಟಗಿರುವ ಸ್ಥಾನದಲ್ಲಿ ಸ್ಟೀರಿಂಗ್ ಬಿಗಿದುಕೊಂಡು, ತಿರುವಿನಿಂದ ತಾನಾಗಿ ವಾಪಸು ಬರುವುದಿಲ್ಲ. ಬಾಕ್ಸಿನ ಗಿಯರ್‌ಗಳೂ ಹಾಳಾಗುತ್ತವೆ.

ರೇಡಿಯಸ್ ಆರ್ಮ್ ಬುಷ್ಷಿನ ಪರೀಕ್ಷೆ

ಬ್ರೇಕ್ ಒತ್ತಿದಾಗ ಏನಾಗುತ್ತದೆ ಎಂಬುದನ್ನು ತಿಳಿದರೆ ಪರೀಕ್ಷೆ ಸುಲಭ. ಗಾಡಿ ಮುಂದಕ್ಕೆ ನುಗ್ಗುತ್ತಿರುತ್ತದೆ, ನೆಲ ಚಕ್ರವನ್ನು ಹಿಂದಕ್ಕೆ ತಡೆಯುತ್ತದೆ. ಬೀಮ್ ಹಿಂದಕ್ಕೆ ದೂಡಲ್ಪಟ್ಟು, ತೋಳಿನ ಮೂಲಕ ಆ ಬಲವೆಲ್ಲ ಬ್ರಾಕೆಟ್ಟಿನ ಮುಂದಿರುವ ಬುಷ್ಷಿನ ಮೇಲೆ ಬೀಳುತ್ತದೆ. ಜೊತೆಗೆ ಬ್ರೇಕು ಬೀಮನ್ನು ಚಕ್ರ ಉರುಳುವ ದಿಕ್ಕಿಗೇ ತಿರುಗಿಸಲು ನೋಡುವುದರಿಂದ ತೋಳಿನ ಹಿಂತುದಿ ಮೇಲಕ್ಕೆ ಏಳಲು ಹವಣಿಸುತ್ತದೆ. ರಬ್ಬರ್ ಗಟ್ಟಿಯಾಗಿದ್ದರೆ ಎರಡನ್ನೂ ತಾಳಿಕೊಳ್ಳುತ್ತದೆ. ಸವೆದಿದ್ದರೆ ತೋಳು ಹಿಂದಕ್ಕೂ ಮೇಲಕ್ಕೂ ಸರಿದು, ಕಿಂಗ್ ಪಿನ್ನಿನ ತಲೆ ಮುಂದಕ್ಕೆ ಬಾಗಿ, ಕ್ಯಾಸ್ಟರ್ ಕೋನ (ಕಿಂಗ್ ಪಿನ್ನಿನ ತಲೆ ಹಿಂದಕ್ಕೆ ವಾಲಿರುವ ಪ್ರಮಾಣ) ಕಡಿಮೆಯಾಗುತ್ತದೆ. ಗಾಡಿಯನ್ನು ನೆಟ್ಟಗೆ ಹಿಡಿದಿಡುವುದು ಕ್ಯಾಸ್ಟರ್. ಅದು ಒಂದು ಬದಿಯಲ್ಲಿ ಮಾತ್ರ ಕಡಿಮೆಯಾದರೆ ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಬ್ರೇಕ್ ಷೂ, ಪ್ಯಾಡ್, ಸಿಲಿಂಡರ್‌ಗಳನ್ನು ಬದಲಿಸಿದರೂ ನಿಲ್ಲದ ಎಳೆತಕ್ಕೆ ಅನೇಕ ಸಲ ಇದೇ ಕಾರಣ.

ಸಮತಟ್ಟಾದ ಜಾಗದಲ್ಲಿ, ನಾಲ್ಕು ಚಕ್ರಗಳೂ ನೆಲದ ಮೇಲಿರುವಾಗ, ಎಂಜಿನ್ ನಿಲ್ಲಿಸಿ ಈ ಪರೀಕ್ಷೆ ಮಾಡಬೇಕು. ಬ್ರಾಕೆಟ್ಟಿನ ಅಂಚಿನಿಂದ ಹಿಡಿದು ಬುಷ್, ವಾಷರ್‌ಗಳ ಮೇಲೆ ಹಾದು ತೋಳಿನವರೆಗೆ ಬಿಳಿ ಸೀಮೆಸುಣ್ಣದಿಂದ ಒಂದೇ ನೇರ ಗೆರೆ ಎಳೆಯಿರಿ. ಮೊಬೈಲನ್ನು ಷಾಸಿಗೆ ಅಯಸ್ಕಾಂತದ ಹಿಡಿಕೆಯಿಂದ ಅಂಟಿಸಿ, ಗೆರೆ ಸ್ಪಷ್ಟವಾಗಿ ಕಾಣುವಂತೆ ವಿಡಿಯೊ ಹಾಕಿ. ಒಬ್ಬರು ಕ್ಯಾಬಿನ್ನಿನಲ್ಲಿ ಕೂತು ಗಿಯರ್ ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಒತ್ತಿ ಹಿಡಿಯಲಿ. ಉಳಿದವರು ಗಾಡಿಯನ್ನು ಹಿಂದಿನಿಂದ ಒಮ್ಮೆ ದೂಡಿ, ಒಮ್ಮೆ ಜಗ್ಗಲಿ. ಈ ಹೊತ್ತಿನಲ್ಲಿ ಯಾರೂ ಗಾಡಿಯ ಕೆಳಗೆ ಇರಕೂಡದು. ವಿಡಿಯೊದಲ್ಲಿ ಗೆರೆ ಒಂದಾಗಿ ಉಳಿದು ರಬ್ಬರ್ ಸ್ವಲ್ಪ ಉಬ್ಬಿ ಇಳಿದರೆ ಬುಷ್ ಚೆನ್ನಾಗಿದೆ. ಗೆರೆ ತುಂಡಾಗಿ, ವಾಷರ್ ಮತ್ತು ರಬ್ಬರಿನ ನಡುವೆ ಸಂದು ತೆರೆದು ಮುಚ್ಚಿದರೆ ಅದು ಹೋಗಿದೆ.

ಬರಿಗಣ್ಣಿನ ಸೂಚನೆಗಳೂ ಇವೆ. ರಬ್ಬರಿನ ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕುಗಳು ವಯಸ್ಸಾದ ಎಲ್ಲ ಬುಷ್‌ಗಳಲ್ಲಿಯೂ ಇರುತ್ತವೆ. ಅವಷ್ಟರಿಂದಲೇ ಬದಲಿಸುವ ಅಗತ್ಯವಿಲ್ಲ. ಬುಷ್ಷಿನ ಸುತ್ತ ಕಪ್ಪು ರಬ್ಬರ್ ಪುಡಿ ಕೂತಿರುವುದು, ಎಂಜಿನ್ ಆಯಿಲ್ ಸೋರಿ ರಬ್ಬರ್ ಉಬ್ಬಿ ಮೆತ್ತಗಾಗಿರುವುದು, ತೋಳು ತೂತಿನ ನಡುವಿನಲ್ಲಿಲ್ಲದೆ ಒಂದು ಬದಿಗೆ ಕೂತು ಬ್ರಾಕೆಟ್ಟಿನ ಲೋಹಕ್ಕೆ ತಾಗಿ ಅಲ್ಲಿ ಹೊಳೆಯುವ ಗುರುತು ಮೂಡಿರುವುದು, ಇವು ಸವೆತದ ಖಚಿತ ಲಕ್ಷಣಗಳು. ಟೆಕ್ಸಾಸ್, ಅರಿಜೋನಾದಂಥ ಬಿಸಿಲು ನಾಡಿನ ಗಾಡಿಗಳಲ್ಲಿ ರಬ್ಬರ್ ಒಣಗಿ ಕಲ್ಲಾಗಿರುತ್ತದೆ. ಮಿಷಿಗನ್, ಒಹಾಯೊ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವುದರಿಂದ ರಬ್ಬರಿಗಿಂತ ಮೊದಲು ಬ್ರಾಕೆಟ್ ಮತ್ತು ನಟ್ ತುಕ್ಕು ಹಿಡಿಯುತ್ತವೆ. ಅಲ್ಲಿಂದ ಬಂದ ಗಾಡಿಯಾದರೆ ಬ್ರಾಕೆಟ್ಟನ್ನು ಷಾಸಿಗೆ ಹಿಡಿದಿರುವ ರಿವೆಟ್‌ಗಳನ್ನೂ ಸುತ್ತಲಿನ ಬಿರುಕುಗಳನ್ನೂ ತಂತಿ ಬ್ರಷ್‌ನಿಂದ ಉಜ್ಜಿ ನೋಡಲೇಬೇಕು, ಏಕೆಂದರೆ ಸಡಿಲ ರಿವೆಟ್ ಕೂಡ ಬ್ರೇಕ್ ಹಿಡಿದಾಗ ಅದೇ ‘ಟಕ್’ ಸದ್ದು ಮಾಡುತ್ತದೆ.

ಪಿವಟ್ ಬುಷ್ಷಿನ ಪರೀಕ್ಷೆ

ಪಿವಟ್ ಬುಷ್ ಸವೆದಾಗ ಬೀಮ್ ಅಡ್ಡಡ್ಡವಾಗಿ ಸರಿಯುತ್ತದೆ. ಅದರೊಂದಿಗೆ ಚಕ್ರದ ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಮತ್ತು ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಎರಡೂ ಕ್ಷಣಕ್ಷಣಕ್ಕೆ ಬದಲಾಗುವುದರಿಂದ ಗಾಡಿ ಅಲೆಯುತ್ತದೆ. ಚಕ್ರಗಳು ನೆಲದ ಮೇಲಿರುವಾಗಲೇ ಒಬ್ಬರು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಚುಟುಕಾಗಿ ಅಲುಗಿಸುತ್ತಿರಲಿ. ಇನ್ನೊಬ್ಬರು ಟಾರ್ಚ್ ಬಿಟ್ಟು ಪಿವಟ್ ಬೋಲ್ಟಿನ ತಲೆಯನ್ನೂ ಬೀಮಿನ ಕಣ್ಣನ್ನೂ ಬದಿಯಿಂದ ಗಮನಿಸಲಿ. ಕಣ್ಣು ಬೋಲ್ಟಿನ ಸುತ್ತ ಪಕ್ಕಕ್ಕೆ ಜಾರಿ ನಿಲ್ಲುವುದು ಕಂಡರೆ ಬುಷ್ ಸತ್ತಿದೆ. ಅನುಮಾನವಿದ್ದರೆ ಷಾಸಿಯನ್ನು ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ, ಕಣ್ಣು ಮತ್ತು ಬ್ರಾಕೆಟ್ಟಿನ ನಡುವೆ ಸಣ್ಣ ಹಾರೆ ಹಾಕಿ ಮೀಟಿ ನೋಡಬಹುದು. ಆಗ ರಬ್ಬರ್ ಬಿಗಿಯಾಗಿ ಮಣಿದು ವಾಪಸಾದರೆ ಸರಿ. ಲೋಹ ಲೋಹಕ್ಕೆ ಬಡಿದ ಸದ್ದು ಬಂದರೆ ಅಥವಾ ಒಳಗಿನ ಕೊಳವೆ ನಡುವಿನಿಂದ ಸರಿದು ಕೂತಿದ್ದರೆ ಬದಲಿಸಬೇಕು.

ಟೈರಿನ ಒಳ ಅಂಚು ಸವೆಯುತ್ತಿದೆ, ಆದರೆ ಎಲ್ಲಿಯೂ ಆಟವಿಲ್ಲ ಎಂದಾದರೆ ಬುಷ್ಷನ್ನು ಬಿಟ್ಟು ಸ್ಪ್ರಿಂಗ್ ನೋಡಿ. ಈ ರಚನೆಯಲ್ಲಿ ಮುಂಭಾಗ ತಗ್ಗಿದಂತೆಲ್ಲ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಎತ್ತರಿಸಿದರೆ ಹೊರಕ್ಕೆ ವಾಲುತ್ತದೆ. ವರ್ಷಗಳ ಭಾರ ಹೊತ್ತು ಕುಸಿದ ಸ್ಪ್ರಿಂಗ್ ಒಳ ಅಂಚನ್ನು ತಿನ್ನಿಸುತ್ತದೆ. ಇದಕ್ಕೆ ಹೊಸ ಬುಷ್ ಮದ್ದಲ್ಲ. ನೋಟ ಚೆನ್ನಾಗಿರಲೆಂದು ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದ ಗಾಡಿಗಳ ಗತಿಯೂ ಇದೇ.

ಯಾವ ಬುಷ್ ಕೊಳ್ಳಬೇಕು

ಮಾರುಕಟ್ಟೆಯಲ್ಲಿ ರಬ್ಬರ್ ಮತ್ತು ಪಾಲಿಯುರೆಥೇನ್ ಎರಡೂ ಸಿಗುತ್ತವೆ. ಪಾಲಿಯುರೆಥೇನ್ ಆಯಿಲ್‌ಗೆ ಜಗ್ಗುವುದಿಲ್ಲ, ಬೇಗ ಸವೆಯುವುದಿಲ್ಲ, ಆದರೆ ಗಡಸು. ರೇಡಿಯಸ್ ಆರ್ಮಿನ ಹಿಂತುದಿ ಸುಮ್ಮನೆ ಮೇಲೆ ಕೆಳಗೆ ಆಡುವುದಿಲ್ಲ. ಚಕ್ರ ಏರಿಳಿದಾಗ ಬೀಮ್ ಎದುರು ಬದಿಯ ಪಿವಟ್ಟನ್ನು ಕೇಂದ್ರವಾಗಿಟ್ಟು ಕಮಾನಿನಂತೆ ಸಾಗುವುದರಿಂದ, ಬೀಮಿಗೆ ಬಿಗಿದ ತೋಳು ಪಕ್ಕಕ್ಕೂ ವಾಲಬೇಕು, ಸ್ವಲ್ಪ ತಿರುಚಿಕೊಳ್ಳಲೂ ಬೇಕು. ಅಷ್ಟಕ್ಕೂ ಎಡೆ ಕೊಡುವುದು ಆ ಎರಡು ಬುಷ್‌ಗಳೇ. ಅವು ಗಡಸಾದರೆ ಆ ಒತ್ತಡ ಬ್ರಾಕೆಟ್ಟಿಗೂ ತೋಳಿನ ಸಣ್ಣ ತುದಿಗೂ ಹೋಗುತ್ತದೆ. ಸಾಧಾರಣ ಓಡಾಟಕ್ಕೆ ಬಳಸುವ ಹಳೆಯ ಪಿಕಪ್‌ಗೆ ರೇಡಿಯಸ್ ಆರ್ಮಿನಲ್ಲಿ ರಬ್ಬರೇ ಮೇಲು ಎಂಬುದು ನನ್ನ ಅಭಿಪ್ರಾಯ. ಪಿವಟ್ಟಿಗೆ ಪಾಲಿಯುರೆಥೇನ್ ಹಾಕಬಹುದು. ಆದರೆ ಕಿಟ್ಟಿನ ಜೊತೆ ಬರುವ ಸಿಲಿಕೋನ್ ಗ್ರೀಸ್ ಧಾರಾಳವಾಗಿ ಹಚ್ಚದಿದ್ದರೆ ಹಳೆಯ ಮಂಚದಂತೆ ಕಿರುಗುಟ್ಟುತ್ತದೆ.

ಬದಲಿಸುವ ಕ್ರಮ

ಹಿಂದಿನ ದಿನ ಸಂಜೆಯೇ ರೇಡಿಯಸ್ ಆರ್ಮಿನ ನಟ್, ಪಿವಟ್ ಬೋಲ್ಟ್, ಶಾಕ್ ಅಬ್ಸಾರ್ಬರಿನ ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಡಿ. ಹಿಂದಿನ ಚಕ್ರಗಳಿಗೆ ಎರಡೂ ಬದಿಯಿಂದ ಕಟ್ಟೆ ಕೊಟ್ಟು, ಮುಂಭಾಗ ಎತ್ತಿ, ಷಾಸಿಯ ಕೆಳಗೆ ಜಾಕ್ ಸ್ಟ್ಯಾಂಡ್ ಇಟ್ಟು, ಬೀಮಿನ ಕೆಳಗೆ ಬೇರೆ ಟ್ರಾಲಿ ಜಾಕ್ ಕೊಡಬೇಕು. ಒಂದು ಬದಿ ಪೂರ್ತಿ ಮುಗಿಯುವ ತನಕ ಇನ್ನೊಂದು ಬದಿಯನ್ನು ಬಿಚ್ಚಬೇಡಿ. ವಾಷರ್‌ಗಳ ಜೋಡಣೆ ಮರೆತಾಗ ನೋಡಿಕೊಳ್ಳಲು ಅದು ಹಾಗೆಯೇ ಇರಲಿ.

ಚಕ್ರ ತೆಗೆದು, ಬ್ರೇಕ್ ಹೋಸ್ ಎಳೆತಕ್ಕೆ ಸಿಗದಂತೆ ಅದರ ಹಿಡಿಕೆಯನ್ನು ಬಿಚ್ಚಿ, ಶಾಕ್ ಅಬ್ಸಾರ್ಬರಿನ ಕೆಳತುದಿ ಕಳಚಬೇಕು. ಶಾಕ್ ಕಳಚಿದ ಮೇಲೆ ಬೀಮನ್ನು ಹಿಡಿದಿರುವುದು ಜಾಕ್ ಒಂದೇ ಎಂಬುದು ನೆನಪಿರಲಿ. ಜಾಕನ್ನು ಬಹಳ ನಿಧಾನವಾಗಿ ಇಳಿಸಿ, ಸ್ಪ್ರಿಂಗಿನ ಒತ್ತಡ ಪೂರ್ತಿ ಹೋಗಿ ಅದು ಕೈಯಲ್ಲಿ ಅಲುಗುವಂತಾದ ಮೇಲೆಯೇ ಅದರ ಹಿಡಿಕೆಗಳನ್ನು ಬಿಚ್ಚಿ ಹೊರತೆಗೆಯಬೇಕು. ಒತ್ತಡದಲ್ಲಿರುವ ಸ್ಪ್ರಿಂಗ್ ಹಾರಿದರೆ ಕೈಕಾಲು ಮುರಿಯುವಷ್ಟು ಬಲ ಅದರಲ್ಲಿರುತ್ತದೆ. ಸಂದೇಹವಿದ್ದರೆ ಸ್ಪ್ರಿಂಗ್ ಕಂಪ್ರೆಸರ್ ಬಳಸಿ.

ಈಗ ತೋಳಿನ ಹಿಂದಿನ ನಟ್, ವಾಷರ್, ಹಿಂದಿನ ಬುಷ್ ತೆಗೆಯಿರಿ. ಮುಂದಿನ ಬುಷ್ ಹೊರಬರಬೇಕಾದರೆ ತೋಳು ಬ್ರಾಕೆಟ್ಟಿನಿಂದ ಪೂರ್ತಿ ಕಳಚಿಕೊಳ್ಳಬೇಕು. ಪಿವಟ್ ಬೋಲ್ಟನ್ನೂ ಸಡಿಲಿಸಿ, ಬೀಮನ್ನು ಜಾಕ್ ಸಮೇತ ಮುಂದಕ್ಕೆ ಎಳೆದರೆ ಜಾಗ ಸಿಗುತ್ತದೆ. ಬ್ರಾಕೆಟ್ಟಿನ ರಿವೆಟ್‌ಗಳನ್ನು ಗ್ರೈಂಡರಿನಿಂದ ಕತ್ತರಿಸಿ ಬ್ರಾಕೆಟ್ಟನ್ನೇ ಹಿಂದಕ್ಕೆ ಜಾರಿಸುವ ಅಡ್ಡದಾರಿಯೂ ಇದೆ. ರಿವೆಟ್ ಮೊದಲೇ ಸಡಿಲವಾಗಿದ್ದರೆ ಅದನ್ನು ಒಪ್ಪಬಹುದು. ಆಗ ತೂತಿಗೆ ಬಿಗಿಯಾಗಿ ಕೂರುವ, ಹೆಚ್ಚಿನ ಗ್ರೇಡಿನ ಬೋಲ್ಟ್‌ಗಳನ್ನೇ ಹಾಕಬೇಕು. ಗಟ್ಟಿಯಾಗಿರುವ ರಿವೆಟ್ಟನ್ನು ಅವಸರಕ್ಕಾಗಿ ಕತ್ತರಿಸುವುದು ತರವಲ್ಲ.

ತೋಳು ಹೊರಬಂದಾಗ ಅದರ ಸಣ್ಣ ತುದಿಯನ್ನು ಬಟ್ಟೆಯಿಂದ ಒರೆಸಿ ಬೆರಳಾಡಿಸಿ ನೋಡಿ. ಬುಷ್ ಸತ್ತ ಮೇಲೂ ಬಹುಕಾಲ ಓಡಿದ ಗಾಡಿಯಲ್ಲಿ ತೋಳು ಬ್ರಾಕೆಟ್ಟಿಗೆ ಉಜ್ಜಿ, ಒಂದು ಪಕ್ಕದಲ್ಲಿ ತಗ್ಗು ಬಿದ್ದಿರುತ್ತದೆ. ಬ್ರಾಕೆಟ್ಟಿನ ದುಂಡು ತೂತು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ತಗ್ಗು ಆಳವಾಗಿದ್ದರೆ ತೋಳನ್ನೇ ಬದಲಿಸಬೇಕು, ತೂತು ಅಗಲಿಸಿದ್ದರೆ ಬ್ರಾಕೆಟ್ಟನ್ನು. ಅಂಥ ಕಡೆ ಹೊಸ ಬುಷ್ ಹಾಕಿದರೂ ಹೆಚ್ಚು ದಿನ ಬಾಳುವುದಿಲ್ಲ.

ಪಿವಟ್ ಬುಷ್ಷನ್ನು ಬೀಮಿನ ಕಣ್ಣಿನಿಂದ ಒತ್ತಿ ತೆಗೆಯಲು ಸ್ಕ್ರೂ ಪ್ರೆಸ್ ಬೇಕು; ಬಾಲ್ ಜಾಯಿಂಟ್ ತೆಗೆಯಲು ಬಾಡಿಗೆಗೆ ಸಿಗುವ ಸಿ-ಆಕಾರದ ಪ್ರೆಸ್ಸಿಗೆ ಸರಿಯಾದ ಅಳತೆಯ ಬಟ್ಟಲುಗಳಿದ್ದರೆ ಸಾಕಾಗುತ್ತದೆ. ಗ್ಯಾಸ್ ಜ್ವಾಲೆಯಿಂದ ರಬ್ಬರ್ ಸುಡುವವರಿದ್ದಾರೆ. ಆ ಹೊಗೆ ಕೆಟ್ಟದ್ದು, ಬೀಮಿನ ಉಕ್ಕನ್ನು ಹಾಗೆ ಕಾಯಿಸುವುದೂ ಸರಿಯಲ್ಲ. ಹೊರ ಕೊಳವೆ ಹಿಡಿದುಕೊಂಡಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಅದನ್ನು ಉದ್ದುದ್ದವಾಗಿ ಸೀಳಬೇಕು. ಬ್ಲೇಡು ಬೀಮಿನ ಲೋಹವನ್ನು ಮುಟ್ಟುವ ಮೊದಲೇ ನಿಲ್ಲಿಸಿ, ಉಳಿದದ್ದನ್ನು ಉಳಿಯಿಂದ ಒಳಕ್ಕೆ ಮಡಚಬೇಕು. ಕಣ್ಣಿನ ಒಳಮೈಯನ್ನು ಉಜ್ಜಿ ಶುಚಿಮಾಡಿ, ತೆಳ್ಳಗೆ ಎಣ್ಣೆ ಸವರಿ, ಹೊಸ ಬುಷ್ಷನ್ನು ಹೊರ ಕೊಳವೆಯ ಅಂಚಿನ ಮೇಲೆ ಮಾತ್ರ ಒತ್ತಡ ಬೀಳುವಂತೆ ನೆಟ್ಟಗೆ ಕೂರಿಸಬೇಕು. ಒಳ ಕೊಳವೆಯನ್ನು ಹಿಡಿದು ಒತ್ತಿದರೆ ರಬ್ಬರಿನ ಬೆಸುಗೆ ಹೊಸದರಲ್ಲೇ ಹರಿಯುತ್ತದೆ. ರಬ್ಬರಿಗೆ ಸಾಮಾನ್ಯ ಗ್ರೀಸ್ ಬೇಡ. ಜಾರಲು ಸೋಪಿನ ನೀರು ಸಾಕು.

ಬಿಗಿಯುವುದು ಯಾವಾಗ

ಕೆಲಸವೆಲ್ಲ ಸರಿಯಾಗಿ ಮಾಡಿ ಕೊನೆಗೆ ಇಲ್ಲಿ ಕೆಡಿಸಿದರೆ ಹೊಸ ಬುಷ್ ಬಹುಬೇಗ ಹರಿಯುತ್ತದೆ. ಪಿವಟ್ಟಿನ ರಬ್ಬರ್ ಬುಷ್ ಬೇರಿಂಗಿನಂತೆ ಸುತ್ತುವುದಿಲ್ಲ. ಬೋಲ್ಟ್ ಬಿಗಿದಾಗ ಒಳ ಕೊಳವೆ ಬ್ರಾಕೆಟ್ಟಿಗೆ ಕಚ್ಚಿಕೊಳ್ಳುತ್ತದೆ, ಹೊರ ಕೊಳವೆ ಬೀಮಿಗೆ ಕಚ್ಚಿಕೊಂಡಿರುತ್ತದೆ, ನಡುವಿನ ರಬ್ಬರ್ ತಿರುಚಿಕೊಂಡು ಚಲನೆಗೆ ಎಡೆ ಕೊಡುತ್ತದೆ. ಚಕ್ರ ಗಾಳಿಯಲ್ಲಿ ಜೋತು ಬಿದ್ದಿರುವಾಗ ಬೋಲ್ಟ್ ಬಿಗಿದರೆ ಆ ಸ್ಥಾನವೇ ರಬ್ಬರಿಗೆ ಸಹಜ ಸ್ಥಾನವಾಗಿ, ಗಾಡಿ ನೆಲಕ್ಕಿಳಿದ ಕೂಡಲೆ ಅದು ತಿರುಚಿಕೊಂಡೇ ನಿಲ್ಲುತ್ತದೆ. ಮುಂಭಾಗ ತುಸು ಎತ್ತರವಾಗಿಯೂ ನಿಲ್ಲಬಹುದು. ಆದ್ದರಿಂದ ಬೋಲ್ಟನ್ನು ಕೈಬಿಗಿಗೆ ಮಾತ್ರ ಹಾಕಿ, ಸ್ಪ್ರಿಂಗ್, ಶಾಕ್, ಚಕ್ರ ಎಲ್ಲ ಕೂರಿಸಿ, ಗಾಡಿಯನ್ನು ನೆಲಕ್ಕಿಳಿಸಿ, ಒಂದಷ್ಟು ಹಿಂದೆ ಮುಂದೆ ಉರುಳಿಸಿ, ಮುಂಭಾಗವನ್ನು ಕೆಲವು ಸಲ ಅದುಮಿ ಬಿಟ್ಟು, ತನ್ನ ಸಹಜ ಎತ್ತರಕ್ಕೆ ಬಂದ ಮೇಲೆ ಟಾರ್ಕ್ ವ್ರೆಂಚ್‌ನಿಂದ ಬಿಗಿಯಬೇಕು. ಅದರಲ್ಲಿ ಹಾಕುವ ಅಂಕಿ ಆಯಾ ಮಾದರಿ ವರ್ಷದ ಶಾಪ್ ಮ್ಯಾನ್ಯುಯಲ್‌ನದೇ ಆಗಿರಲಿ. ಕೆಳಗೆ ನುಸುಳಲು ಎಡೆ ಸಾಲದಿದ್ದರೆ ನಾಲ್ಕೂ ಚಕ್ರಗಳ ಕೆಳಗೆ ಸಮ ಎತ್ತರದ ಗಟ್ಟಿ ಮರದ ದಿಮ್ಮಿಗಳನ್ನು ಕೊಡಬಹುದು.

ರೇಡಿಯಸ್ ಆರ್ಮಿನ ನಟ್ಟಿಗೆ ಹೊಸ ನಟ್ಟನ್ನೇ ಬಳಸಿ. ವಾಷರಿನ ಬಟ್ಟಲು ಮುಖ ರಬ್ಬರಿನ ಕಡೆಗೆ ಇದೆಯೇ, ನಡುವಿನ ಸ್ಪೇಸರ್ ಮರೆತಿಲ್ಲವೇ ಎಂದು ಇನ್ನೊಂದು ಬದಿಯೊಂದಿಗೆ ಹೋಲಿಸಿ. ಸ್ಪೇಸರ್ ಇಲ್ಲದೆ ಬಿಗಿದರೆ ರಬ್ಬರ್ ಅತಿಯಾಗಿ ಅಮುಕಿ ಅಂಚುಗಳಿಂದ ಹೊರಗೆ ಉಕ್ಕಿಕೊಳ್ಳುತ್ತದೆ. ಹಾಗೆ ಕಂಡರೆ ಬಿಚ್ಚಿ ಮತ್ತೆ ಜೋಡಿಸಬೇಕು.

ಕೆಲಸವಾದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸದೆ ಓಡಿಸಬಾರದು. ಈ ಗಾಡಿಯಲ್ಲಿ ಟೋ ಮಾತ್ರ ಟೈ ರಾಡಿನ ಹೊಂದಿಕೆ ಕೊಳವೆಗಳನ್ನು (ಸ್ಲೀವ್) ತಿರುಗಿಸಿ ಹೊಂದಿಸುವಂಥದ್ದು. ಕ್ಯಾಂಬರ್ ತಿದ್ದಲು ಷಿಮ್ (ತೆಳು ಲೋಹದ ಬಿಲ್ಲೆ) ಆಗಲಿ ಸ್ಕ್ರೂ ಆಗಲಿ ಇಲ್ಲ. ಹೆವಿ ಟ್ರಕ್ಕುಗಳ ಕೆಲಸ ಮಾಡುವ ಅಲೈನ್‌ಮೆಂಟ್ ಅಂಗಡಿಗಳಲ್ಲಿ ಹೈಡ್ರಾಲಿಕ್ ಸಾಧನದಿಂದ ಬೀಮನ್ನು ತಣ್ಣಗಿರುವಾಗಲೇ ಬಾಗಿಸಿ ತಿದ್ದುತ್ತಾರೆ. ಕಾರುಗಳನ್ನಷ್ಟೇ ನೋಡುವ ಅಂಗಡಿಯವರು ‘ಇದಕ್ಕೆ ಹೊಂದಿಕೆಯೇ ಇಲ್ಲ’ ಎಂದು ಹೇಳಿ ಟೋ ಮಾತ್ರ ನೋಡಿ ಕಳಿಸುವುದುಂಟು. ಆದರೆ ಬೀಮ್ ಬಾಗಿಸುವ ಮೊದಲು ಸ್ಪ್ರಿಂಗ್ ಎತ್ತರ ಸರಿಯಿದೆಯೇ ಎಂದು ಅಳೆಯಲೇಬೇಕು. ಕುಸಿದ ಸ್ಪ್ರಿಂಗಿಗೆ ತಕ್ಕಂತೆ ಬೀಮ್ ಬಾಗಿಸಿದರೆ, ಮುಂದೆ ಹೊಸ ಸ್ಪ್ರಿಂಗ್ ಹಾಕಿದ ದಿನ ಅದನ್ನು ಮತ್ತೆ ಬಾಗಿಸಬೇಕಾಗುತ್ತದೆ.

ಕೆಲವು ನೂರು ಮೈಲಿ ಓಡಿದ ನಂತರ ರೇಡಿಯಸ್ ಆರ್ಮಿನ ನಟ್ ಮತ್ತು ಪಿವಟ್ ಬೋಲ್ಟ್‌ಗಳ ಬಿಗಿತವನ್ನು ಗಾಡಿ ನೆಲದ ಮೇಲಿರುವಾಗಲೇ ಮತ್ತೊಮ್ಮೆ ನೋಡಿ. ಬ್ರೇಕ್ ಹಿಡಿದಾಗಿನ ಸದ್ದು ಆಗಲೂ ಉಳಿದಿದ್ದರೆ ಸೀಮೆಸುಣ್ಣದ ಗೆರೆಯನ್ನು ಈ ಸಲ ಬ್ರಾಕೆಟ್ ಮತ್ತು ಷಾಸಿಯ ನಡುವೆ ಎಳೆದು ಅದೇ ಪರೀಕ್ಷೆ ಮಾಡಿ. ಅಲ್ಲಿಯೂ ಗೆರೆ ಕದಲದಿದ್ದರೆ ಬ್ರೇಕ್ ಕ್ಯಾಲಿಪರ್ ಇಲ್ಲವೆ ಬ್ಯಾಕಿಂಗ್ ಪ್ಲೇಟಿನ ಬೋಲ್ಟ್‌ಗಳ ಕಡೆಗೆ, ಆನಂತರ ಎಂಜಿನ್ ಮೌಂಟ್‌ಗಳ ಕಡೆಗೆ ಹೋಗಬೇಕು.